ಅರೆವಾಹಕ ತಯಾರಿಕಾ ಪ್ರಕ್ರಿಯೆಗಳ ಗಣಕ ಅನುಕರಣೆ: ಅರ್ಜಿದಾರರ ತಿಳಿವಳಿಕೆಗಾಗಿ

ಸಿಲಿಕಾನ್ ಬಿಲ್ಲೆಯ ಮೇಲೆ ಡಯೋಡು, ಟ್ರಾನ್ಸಿಸ್ಟರು, ಒತ್ತಡ ಸಂವೇದಕ ಮೊದಲಾದ ಸಾಧನಗಳನ್ನು ತಯಾರಿಸಿ ನೋಡಲು ಬಯಸುವ ವಿದ್ಯಾರ್ಥಿಗಳು, ಅಧ್ಯಾಪಕರು ಹಾಗೂ ನವೋದ್ಯಮಿಗಳು ಸರ್ಕಾರದ ನೆರವಿನಿಂದ ನಡೆಯುವ ಪ್ರಯೋಗಾಲಯಗಳ ಸೌಲಭ್ಯವನ್ನು ಅರ್ಜಿಯ ಮೂಲಕ ಪಡೆಯಬಹುದಾಗಿದೆ. ಇಂತಹ ಅರ್ಜಿಯಲ್ಲಿ ತಯಾರಿಕೆಯ ಹಂತಗಳನ್ನು ಕ್ರಮವಾಗಿ ವಿವರಿಸಬೇಕಾಗುತ್ತದೆ. ಕುಲುಮೆಯ ಉಷ್ಣತೆ ಎಷ್ಟು, ಬಿಲ್ಲೆ ಅದರೊಳಗೆ ಎಷ್ಟು ಹೊತ್ತು ಇರಬೇಕು, ಬೋರಾನ್ ಅಥವಾ ರಂಜಕವನ್ನು ಯಾವ ಶಕ್ತಿಯಲ್ಲಿ ಎಷ್ಟು ಪ್ರಮಾಣದಲ್ಲಿ ಸೇರಿಸಬೇಕು ಎಂಬ ಅಂಕಿಗಳನ್ನು ಅರ್ಜಿದಾರರೇ ನಮೂದಿಸತಕ್ಕದ್ದು. ಈ ಅಂಕಿಗಳನ್ನು ಊಹೆಯಿಂದ ಬರೆದರೆ ಆಗುವ ನಷ್ಟ ಸಣ್ಣದಲ್ಲ. ಶುಚಿಕೋಣೆಯಲ್ಲಿ ಒಂದು ಸಾಧನದ ತಯಾರಿಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆಯುತ್ತದೆ. ಕೊನೆಯ ಹಂತದಲ್ಲಿ ಅಳತೆ ಮಾಡಿದಾಗ ಮೊದಲ ಹಂತದ ತಪ್ಪು ಗೊತ್ತಾದರೆ ಆ ಬಿಲ್ಲೆಯನ್ನು ಸರಿಪಡಿಸುವ ದಾರಿ ಇರುವುದಿಲ್ಲ. ಎರಡು ವರ್ಷದ ಸ್ನಾತಕೋತ್ತರ ವ್ಯಾಸಂಗದಲ್ಲಿರುವ ವಿದ್ಯಾರ್ಥಿಗೆ ಅಂತಹ ಒಂದು ವೈಫಲ್ಯವೆಂದರೆ ಬಹುಪಾಲು ಪ್ರಬಂಧವೇ ಕೈತಪ್ಪಿದಂತೆ.

ಆದುದರಿಂದ ಬಿಲ್ಲೆಯನ್ನು ಕುಲುಮೆಗೆ ಇಡುವ ಮೊದಲು ಇಡೀ ಪ್ರಕ್ರಿಯೆಯನ್ನು ಗಣಕಯಂತ್ರದಲ್ಲಿ ನಡೆಸಿ ನೋಡುವ ಪದ್ಧತಿ ಬೆಳೆದು ಬಂದಿದೆ. ಇದಕ್ಕೆ ಪ್ರಕ್ರಿಯಾ ಅನುಕರಣೆ ಅಥವಾ ಪ್ರೊಸೆಸ್ ಸಿಮ್ಯುಲೇಶನ್ ಎಂದು ಹೆಸರು. ಈ ಅನುಕರಣೆ ಏನು ಮಾಡುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಮತ್ತು ಅರ್ಜಿಯಲ್ಲಿ ಅದನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಮೂರು ಬಗೆಯ ಅನುಕರಣೆ

ಅರೆವಾಹಕ ಕ್ಷೇತ್ರದಲ್ಲಿ ಅನುಕರಣೆ ಎಂಬ ಒಂದೇ ಪದವು ಮೂರು ಬೇರೆ ಬೇರೆ ಕೆಲಸಗಳಿಗೆ ಬಳಕೆಯಾಗುತ್ತಿದ್ದು, ಇದರಿಂದ ಅರ್ಜಿದಾರರಲ್ಲಿ ಗೊಂದಲ ಉಂಟಾಗುವುದು ಸಹಜ.

ಮೊದಲನೆಯದು ಪ್ರಕ್ರಿಯಾ ಅನುಕರಣೆ. ಇದಕ್ಕೆ ಕೊಡುವ ಮಾಹಿತಿಯು ಅಡುಗೆಯ ವಿಧಾನವನ್ನು ಹೋಲುತ್ತದೆ: ಇಂತಿಷ್ಟು ಉಷ್ಣತೆ, ಇಂತಿಷ್ಟು ನಿಮಿಷ, ಇಂತಹ ಅನಿಲ. ಅದರಿಂದ ಹೊರಬರುವುದು ಬಿಲ್ಲೆಯ ಅಡ್ಡಕೊಯ್ತದ ಚಿತ್ರ. ಯಾವ ಪದರ ಎಷ್ಟು ದಪ್ಪವಿದೆ, ಯಾವ ಆಳದಲ್ಲಿ ಎಷ್ಟು ಬೋರಾನ್ ಇದೆ ಎಂಬ ವಿವರ. ಎರಡನೆಯದು ಸಾಧನ ಅನುಕರಣೆ. ಆ ಅಡ್ಡಕೊಯ್ತವನ್ನು ತೆಗೆದುಕೊಂಡು ಅದಕ್ಕೆ ವೋಲ್ಟೇಜ್ ಕೊಟ್ಟರೆ ಎಷ್ಟು ವಿದ್ಯುತ್ ಹರಿಯುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. ಮೂರನೆಯದು ಮಂಡಲ ಅನುಕರಣೆ. ಸಾವಿರಾರು ಟ್ರಾನ್ಸಿಸ್ಟರುಗಳನ್ನು ಜೋಡಿಸಿದ ವಿದ್ಯುನ್ಮಂಡಲ ಹೇಗೆ ವರ್ತಿಸುತ್ತದೆ ಎಂಬುದು ಅದರ ವಿಷಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯಿಂದ 1973ರಲ್ಲಿ ಹೊರಬಂದ ಸ್ಪೈಸ್ ತಂತ್ರಾಂಶವು ಈ ಮೂರನೆಯ ವರ್ಗಕ್ಕೆ ಸೇರಿದುದಾಗಿದೆ.

ಮೊದಲೆರಡನ್ನು ಒಟ್ಟಾಗಿ ಟೀಕ್ಯಾಡ್ ಎಂದು ಕರೆಯುವುದು ರೂಢಿ. ಮಂಡಲ ವಿನ್ಯಾಸದ ತಂತ್ರಾಂಶಕ್ಕೆ ಅರ್ಜಿ ಹಾಕಿ, ಅದರಿಂದ ಕುಲುಮೆಯ ಸಮಯವನ್ನು ಕಂಡುಹಿಡಿಯಬಹುದೆಂದು ನಿರೀಕ್ಷಿಸಿದರೆ ಫಲ ಸಿಗುವುದಿಲ್ಲ. ಸಿದ್ಧ ತಂತ್ರಜ್ಞಾನವಿರುವ ತಯಾರಿಕಾ ಘಟಕದಲ್ಲಿ ತನ್ನ ಚಿಪ್ಪನ್ನು ಮಾಡಿಸಿಕೊಳ್ಳುವವರಿಗೆ ಪ್ರಕ್ರಿಯಾ ಅನುಕರಣೆಯ ಅವಶ್ಯಕತೆಯೇ ಬೀಳದಿರಬಹುದು. ಘಟಕವು ಕೊಡುವ ವಿನ್ಯಾಸ ಸಾಮಗ್ರಿಯಷ್ಟೇ ಸಾಕು. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯ 180 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ ಚಿಪ್ ಮಾಡಿಸುವವರು ಈ ವರ್ಗಕ್ಕೆ ಬರುತ್ತಾರೆ. ಹೊಸ ಸಾಧನವನ್ನು ಅಥವಾ ಹೊಸ ಹಂತವನ್ನು ತಾವೇ ರೂಪಿಸುವವರಿಗೆ ಮಾತ್ರ ಮುಂದಿನ ವಿವರಗಳು ಅನ್ವಯಿಸುತ್ತವೆ.

ಹಿನ್ನೆಲೆ

ಈ ವಿದ್ಯೆಯ ಬೇರುಗಳು ಗಣಕಯಂತ್ರಗಳು ಸುಲಭವಾಗಿ ದೊರೆಯುವುದಕ್ಕಿಂತ ಮುಂಚಿನವು. ಡೆನ್ಮಾರ್ಕಿನ ಲಿಂಡ್‌ಹಾರ್ಡ್, ಶಾರ್ಫ್ ಮತ್ತು ಶಿಯೋಟ್ ಎಂಬ ಮೂವರು ವಿಜ್ಞಾನಿಗಳು 1963ರಲ್ಲಿ, ವೇಗವಾಗಿ ಬಂದು ಘನವಸ್ತುವನ್ನು ಹೊಕ್ಕ ಅಯಾನು ಎಷ್ಟು ಆಳದಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಸಿದ್ಧಾಂತ ಕೊಟ್ಟರು. 1965ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಸಂಸ್ಥೆಯ ಬ್ರೂಸ್ ಡೀಲ್ ಮತ್ತು ಆಂಡ್ರ್ಯೂ ಗ್ರೋವ್ ಅವರು ಸಿಲಿಕಾನಿನ ಮೇಲೆ ಆಕ್ಸೈಡ್ ಪದರ ಬೆಳೆಯುವ ವೇಗಕ್ಕೆ ಒಂದು ಸರಳ ಸಮೀಕರಣವನ್ನು ಪ್ರಕಟಿಸಿದರು. ಈ ಗ್ರೋವ್ ಅವರೇ ಮುಂದೆ ಇಂಟೆಲ್ ಸಂಸ್ಥೆಯ ಮುಖ್ಯಸ್ಥರಾದವರು. ಅವರ ಹೆಸರು ವ್ಯವಹಾರ ಜಗತ್ತಿನಲ್ಲಿ ಹೆಚ್ಚು ಪರಿಚಿತವಾದರೂ ಪ್ರಯೋಗಾಲಯಗಳಲ್ಲಿ ಇಂದಿಗೂ ಆ ಸಮೀಕರಣದಿಂದಲೇ ನೆನಪಾಗುತ್ತದೆ.

ಬಿಡಿಬಿಡಿಯಾಗಿದ್ದ ಈ ಸಿದ್ಧಾಂತಗಳನ್ನು ಒಂದೇ ತಂತ್ರಾಂಶದೊಳಗೆ ಪೋಣಿಸಿದ ಕೀರ್ತಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಬರ್ಟ್ ಡಟನ್, ಜೇಮ್ಸ್ ಪ್ಲಮರ್ ಮತ್ತು ಅವರ ವಿದ್ಯಾರ್ಥಿಗಳಿಗೆ ಸಲ್ಲುತ್ತದೆ. ಸುಪ್ರೆಮ್ ಎಂಬ ಹೆಸರಿನ ಅವರ ತಂತ್ರಾಂಶದ ಮೊದಲ ಆವೃತ್ತಿ 1977ರಲ್ಲಿ ಬಂದಿತು. ಮೊದಲ ಮೂರು ಆವೃತ್ತಿಗಳು ಬಿಲ್ಲೆಯನ್ನು ಮೇಲಿನಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ನೋಡುತ್ತಿದ್ದವು. 1980ರ ದಶಕದಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಅಡ್ಡಕೊಯ್ತವನ್ನು ಎರಡು ಆಯಾಮಗಳಲ್ಲಿ ತೋರಿಸಲಾರಂಭಿಸಿತು. ಟ್ರಾನ್ಸಿಸ್ಟರುಗಳು ಕಿರಿದಾದಂತೆ ಆಳದಷ್ಟೇ ಅಗಲವೂ ಮುಖ್ಯವಾದುದೇ ಇದಕ್ಕೆ ಕಾರಣ. ಸಿಲ್ವಾಕೊ ಸಂಸ್ಥೆಯ ಅಥೀನಾ ಸೇರಿದಂತೆ ಮುಂದೆ ಮಾರುಕಟ್ಟೆಗೆ ಬಂದ ಕೆಲವು ತಂತ್ರಾಂಶಗಳು ಸುಪ್ರೆಮ್‌ನ ಸಂತತಿಯೇ ಆಗಿವೆ. ಜ್ಯೂರಿಕ್ ನಗರದಲ್ಲಿ ಬೆಳೆದ ಇನ್ನೊಂದು ಪರಂಪರೆಯನ್ನು 2004ರಲ್ಲಿ ಸಿನಾಪ್ಸಿಸ್ ಸಂಸ್ಥೆ ಕೊಂಡುಕೊಂಡಿತು. ಆ ಸಂಸ್ಥೆಯ ತಂತ್ರಾಂಶ ಸೆಂಟಾರಸ್ ಎಂಬ ಹೆಸರಿನಿಂದ ಬಳಕೆಯಲ್ಲಿದೆ.

ಆಕ್ಸೈಡ್ ಪದರದ ಲೆಕ್ಕ

ಅನುಕರಣೆಯ ಉಪಯೋಗ ಮನವರಿಕೆಯಾಗಲು ಒಂದು ಸಾಮಾನ್ಯ ಹಂತವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅರ್ಜಿದಾರರೊಬ್ಬರು ಸಿಲಿಕಾನ್ ಬಿಲ್ಲೆಯಲ್ಲಿ ಡಯೋಡು ಮಾಡಬೇಕೆಂದಿದ್ದಾರೆ ಎಂದಿಟ್ಟುಕೊಳ್ಳೋಣ. ಬಿಲ್ಲೆಯ ಮೇಲೆಲ್ಲ ಆಕ್ಸೈಡ್ ಬೆಳೆಸಿ, ಅದರಲ್ಲಿ ಕಿಂಡಿ ತೆರೆದು, ಆ ಕಿಂಡಿಯ ಮೂಲಕ ಬೋರಾನ್ ಅಯಾನುಗಳನ್ನು ಹೊಗಿಸುವುದು ಯೋಜನೆ. ಕಿಂಡಿ ಇಲ್ಲದ ಕಡೆ ಬೋರಾನ್ ಸಿಲಿಕಾನನ್ನು ತಲುಪದಂತೆ ಆಕ್ಸೈಡ್ ತಡೆಯಬೇಕು.

ಆ ಪದರ ಎಷ್ಟು ದಪ್ಪವಿರಬೇಕು? 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಬೋರಾನ್ ಅಯಾನುಗಳು ಸಿಲಿಕಾನಿನಲ್ಲಿ ಸರಾಸರಿ ಸುಮಾರು 0.3 ಮೈಕ್ರೋಮೀಟರ್ ಆಳಕ್ಕೆ ಇಳಿಯುತ್ತವೆ. ಆಕ್ಸೈಡಿನಲ್ಲಿಯೂ ಆಳ ಹೆಚ್ಚು ಕಡಿಮೆ ಅಷ್ಟೇ. ಹಾಗೆಂದು 0.3 ಮೈಕ್ರೋಮೀಟರ್ ಪದರ ಸಾಕೆಂದು ತೀರ್ಮಾನಿಸುವುದು ಸರಿಯಲ್ಲ. ಸರಾಸರಿ ಎಂದರೆ ಸುಮಾರು ಅರ್ಧದಷ್ಟು ಅಯಾನುಗಳು ಅದನ್ನು ದಾಟಿ ಹೋಗುತ್ತವೆ ಎಂದೇ ಅರ್ಥ. ಅತ್ಯಲ್ಪ ಪ್ರಮಾಣವೂ ದಾಟದಿರಬೇಕಾದರೆ ಪದರವು ಸುಮಾರು 0.65 ಮೈಕ್ರೋಮೀಟರ್ ಇರುವುದು ಕ್ಷೇಮ.

ಈಗ ಅಷ್ಟು ದಪ್ಪವನ್ನು ಬೆಳೆಸಲು ತಗಲುವ ಕಾಲ. ಡೀಲ್ ಮತ್ತು ಗ್ರೋವ್ ಅವರ ಸಮೀಕರಣದ ತಿರುಳು ಇಷ್ಟೇ: ಆಕ್ಸಿಜನ್ ಅಥವಾ ನೀರಾವಿಯು ಆಗಲೇ ಬೆಳೆದಿರುವ ಆಕ್ಸೈಡನ್ನು ತೂರಿಕೊಂಡು ಹೋಗಿ ಕೆಳಗಿನ ಸಿಲಿಕಾನಿನೊಂದಿಗೆ ಕೂಡಬೇಕು. ಪದರ ತೆಳ್ಳಗಿರುವಾಗ ಕೂಡುವ ಕ್ರಿಯೆಯ ವೇಗವೇ ನಿರ್ಣಾಯಕ. ದಪ್ಪವಾದ ಮೇಲೆ ತೂರಿ ಹೋಗುವ ದಾರಿಯೇ ತಡೆಯಾಗುತ್ತದೆ. ಅವರು 1965ರಲ್ಲಿ ಕೊಟ್ಟ ಗುಣಾಂಕಗಳನ್ನು ಹಾಕಿ ನೋಡಿದರೆ, 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಾವಿಯೊಡನೆ 1 ಗಂಟೆಗೆ ಸುಮಾರು 0.43 ಮೈಕ್ರೋಮೀಟರ್ ಆಕ್ಸೈಡ್ ಬೆಳೆಯುತ್ತದೆ. 4 ಗಂಟೆಗೆ ಅದರ ನಾಲ್ಕು ಪಟ್ಟು ಬೆಳೆಯುವುದಿಲ್ಲ, ಸುಮಾರು 0.96 ಮೈಕ್ರೋಮೀಟರ್ ಮಾತ್ರ. ಒಣ ಆಕ್ಸಿಜನ್ನಿನಲ್ಲಾದರೆ ಅದೇ ಉಷ್ಣತೆಯಲ್ಲಿ 1 ಗಂಟೆಗೆ ಸುಮಾರು 0.07 ಮೈಕ್ರೋಮೀಟರ್.

ಹೀಗಾಗಿ 0.65 ಮೈಕ್ರೋಮೀಟರ್ ಪದರಕ್ಕೆ ನೀರಾವಿಯಲ್ಲಿ ಸುಮಾರು 2 ಗಂಟೆ ಸಾಕು. ಅರ್ಜಿಯಲ್ಲಿ ಅಭ್ಯಾಸಬಲದಿಂದ ಒಣ ಆಕ್ಸಿಜನ್ ಎಂದು ಬರೆದಿದ್ದರೆ ಅದೇ ಪದರಕ್ಕೆ ಸುಮಾರು 45 ಗಂಟೆ, ಅಂದರೆ ಹತ್ತಿರ ಹತ್ತಿರ ಎರಡು ಹಗಲು ಎರಡು ರಾತ್ರಿ ಬೇಕಾಗುತ್ತದೆ. ಹತ್ತಾರು ಬಳಕೆದಾರರು ಹಂಚಿಕೊಳ್ಳುವ ಕುಲುಮೆಯನ್ನು ಒಬ್ಬರ ಕೆಲಸಕ್ಕಾಗಿ ಅಷ್ಟು ಹೊತ್ತು ಕಾದಿರಿಸಲು ಯಾವ ಕೇಂದ್ರವೂ ಒಪ್ಪಲಾರದು. ಪದಗಳಲ್ಲಿ ಸಣ್ಣ ವ್ಯತ್ಯಾಸ. ಆದರೆ ಅರ್ಜಿ ವಾಪಸಾಗಲು ಅದು ಸಾಕಷ್ಟಾಯಿತು. ಮುಖ್ಯವಾಗಿ ಇಂತಹ ತಪ್ಪನ್ನು ಹಿಡಿಯಲು ದುಬಾರಿ ತಂತ್ರಾಂಶವೇ ಬೇಕಿಲ್ಲ, ಕ್ಯಾಲ್ಕುಲೇಟರಿನಲ್ಲಿಯೇ ಹಿಡಿಯಬಹುದು.

ಇನ್ನೊಂದು ಅಂಶವನ್ನು ಇಲ್ಲಿಯೇ ಹೇಳುವುದು ಸೂಕ್ತ. ಬೆಳೆದ ಆಕ್ಸೈಡಿನ ದಪ್ಪದ ಶೇಕಡ 44ರಷ್ಟು ಸಿಲಿಕಾನ್ ಆ ಕ್ರಿಯೆಯಲ್ಲಿ ಖರ್ಚಾಗುತ್ತದೆ. 0.65 ಮೈಕ್ರೋಮೀಟರ್ ಪದರಕ್ಕೆ ಸುಮಾರು 0.29 ಮೈಕ್ರೋಮೀಟರ್ ಸಿಲಿಕಾನ್ ಹೋಗುತ್ತದೆ. ಮೊದಲೇ ಸಿಲಿಕಾನಿನಲ್ಲಿ ತೆಳುವಾದ ಪದರವೊಂದನ್ನು ಸಿದ್ಧಪಡಿಸಿಕೊಂಡು ನಂತರ ಆಕ್ಸೈಡ್ ಬೆಳೆಸುವವರು ಇದನ್ನು ಮರೆತರೆ, ಕಷ್ಟಪಟ್ಟು ಮಾಡಿದ ಪದರವೇ ಮಾಯವಾಗಿರುತ್ತದೆ.

ಅಯಾನುಗಳ ನಾಟಿ ಮತ್ತು ವಿಸರಣ

ಅನುಕರಣೆಯ ನಿಜವಾದ ಬೆಲೆ ತಿಳಿಯುವುದು ಬೋರಾನ್, ರಂಜಕ, ಆರ್ಸೆನಿಕ್ ಮೊದಲಾದ ಧಾತುಗಳನ್ನು ಸೇರಿಸುವ ಹಂತದಲ್ಲಿ. ಈ ಧಾತುಗಳ ಅಯಾನುಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ವೇಗಗೊಳಿಸಿ ಬಿಲ್ಲೆಗೆ ಬಡಿಯಲಾಗುತ್ತದೆ. ಅಯಾನು ಭಾರವಾದಷ್ಟೂ ಒಂದೇ ಶಕ್ತಿಯಲ್ಲಿ ಅದು ಇಳಿಯುವ ಆಳ ಕಡಿಮೆ. ಸಿಲಿಕಾನ್ ಹರಳಿನಲ್ಲಿ ಪರಮಾಣುಗಳು ಸಾಲಾಗಿ ನಿಂತಿರುವುದರಿಂದ ನೇರವಾಗಿ ಬಂದ ಅಯಾನುಗಳು ಸಾಲುಗಳ ನಡುವಿನ ಓಣಿಗಳಲ್ಲಿ ನುಸುಳಿ ಬಹಳ ಆಳಕ್ಕೆ ಹೋಗಿಬಿಡುವ ಸಂಭವವಿದೆ. ಇದನ್ನು ತಪ್ಪಿಸಲು ಬಿಲ್ಲೆಯನ್ನು ಸಾಮಾನ್ಯವಾಗಿ 7 ಡಿಗ್ರಿ ಓರೆಯಾಗಿಡುವುದು ವಾಡಿಕೆ. ಪ್ರತಿಯೊಂದು ಅಯಾನಿನ ಪ್ರತಿಯೊಂದು ಡಿಕ್ಕಿಯನ್ನೂ ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಅನುಸರಿಸುವ ಮಾಂಟೆ ಕಾರ್ಲೊ ವಿಧಾನದಿಂದ ಈ ಓಣಿಗಳ ಪರಿಣಾಮವನ್ನೂ ಲೆಕ್ಕ ಹಾಕಬಹುದು. ಆದರೆ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುವ ಸ್ರಿಮ್ ತಂತ್ರಾಂಶವು ವಸ್ತುವನ್ನು ಹರಳಲ್ಲದ, ಅಸ್ತವ್ಯಸ್ತ ಪರಮಾಣುಗಳ ರಾಶಿಯೆಂದೇ ಭಾವಿಸುತ್ತದೆ ಎಂಬುದನ್ನು ಅದನ್ನು ಬಳಸುವವರು ಗಮನದಲ್ಲಿಡತಕ್ಕದ್ದು. ಸರಾಸರಿ ಆಳಕ್ಕೆ ಅದು ಒಳ್ಳೆಯ ಸಾಧನ. ಓಣಿಗಳಲ್ಲಿ ನುಸುಳಿದ ಅಯಾನುಗಳ ಬಾಲವನ್ನು ಅದು ತೋರಿಸುವುದಿಲ್ಲ.

ನಾಟಿಯ ನಂತರ ಬಿಲ್ಲೆಯನ್ನು ಕಾಯಿಸಬೇಕು. ಬಡಿತಕ್ಕೆ ಸಿಕ್ಕ ಹರಳು ಸರಿಹೋಗಲು ಮತ್ತು ಬೋರಾನ್ ಪರಮಾಣುಗಳು ಹರಳಿನ ಸ್ಥಾನಗಳಲ್ಲಿ ಕುಳಿತು ಕೆಲಸಕ್ಕೆ ಬರಲು ಇದು ಅಗತ್ಯ. ಆದರೆ ಕಾಯಿಸಿದಾಗ ಬೋರಾನ್ ನಿಂತಲ್ಲಿ ನಿಲ್ಲದೆ ಹರಡುತ್ತದೆ. ಈ ಹರಡುವಿಕೆಯೇ ವಿಸರಣ. ಅದರ ವೇಗ ಉಷ್ಣತೆಯ ಮೇಲೆ ಎಷ್ಟು ತೀವ್ರವಾಗಿ ಅವಲಂಬಿಸಿದೆ ಎಂಬುದನ್ನು ಅಂಕಿಗಳಲ್ಲಿ ನೋಡಬಹುದು: 1000 ಡಿಗ್ರಿಯಿಂದ 1100 ಡಿಗ್ರಿಗೆ ಹೋದರೆ ಸಿಲಿಕಾನಿನಲ್ಲಿ ಬೋರಾನಿನ ವಿಸರಣ ಗುಣಾಂಕ ಸುಮಾರು 10 ಪಟ್ಟಾಗುತ್ತದೆ.

ಮೇಲಿನ ಡಯೋಡಿನ ಉದಾಹರಣೆಯನ್ನೇ ಮುಂದುವರಿಸೋಣ. ಮೇಲ್ಮೈಯಲ್ಲಿ ಒಂದು ಚದರ ಸೆಂಟಿಮೀಟರಿಗೆ 100 ಲಕ್ಷ ಕೋಟಿ ಬೋರಾನ್ ಪರಮಾಣುಗಳಿವೆ. ಬಿಲ್ಲೆಯಲ್ಲಿ ಮೊದಲೇ ಇರುವ ವಿರುದ್ಧ ಬಗೆಯ ಧಾತು ಒಂದು ಘನ ಸೆಂಟಿಮೀಟರಿಗೆ 1000 ಲಕ್ಷ ಕೋಟಿಯಷ್ಟಿದೆ. 2 ಗಂಟೆ ಕಾಯಿಸಿದರೆ ಇವೆರಡೂ ಸಮವಾಗುವ ಆಳ, ಅಂದರೆ ಸಂಧಿಯ ಆಳ, ಸರಳ ಲೆಕ್ಕದ ಪ್ರಕಾರ 1000 ಡಿಗ್ರಿಯಲ್ಲಿ ಸುಮಾರು 0.6 ಮೈಕ್ರೋಮೀಟರ್, 1100 ಡಿಗ್ರಿಯಲ್ಲಿ ಸುಮಾರು 1.8 ಮೈಕ್ರೋಮೀಟರ್. ಕುಲುಮೆಯ ಫಲಕ 1100 ಎಂದು ತೋರಿಸುತ್ತಿದ್ದು ಒಳಗೆ ವಾಸ್ತವವಾಗಿ 1110 ಇದ್ದರೆ ಸಂಧಿ ಸುಮಾರು 2 ಮೈಕ್ರೋಮೀಟರಿಗೆ ಇಳಿಯುತ್ತದೆ. 10 ಡಿಗ್ರಿಯ ವ್ಯತ್ಯಾಸಕ್ಕೆ ಆಳದಲ್ಲಿ ಹತ್ತನೆಯ ಒಂದು ಭಾಗಕ್ಕೂ ಮಿಕ್ಕಿದ ವ್ಯತ್ಯಾಸ. ಡಯೋಡಿಗೆ ಇದು ಸಹನೀಯ. ತೆಳುವಾದ ಸಂಧಿ ಬೇಕಾದ ಟ್ರಾನ್ಸಿಸ್ಟರಿಗೆ ಅಲ್ಲ. ಅನುಕರಣೆಯನ್ನು ಒಂದೇ ಸಲ ನಡೆಸಿ ಒಂದೇ ಉತ್ತರ ಬರೆದು ಮುಗಿಸುವ ಬದಲು, ಉಷ್ಣತೆಯನ್ನು ಹಿಂದೆ ಮುಂದೆ ಸರಿಸಿ ಎರಡು ಮೂರು ಸಲ ನಡೆಸಿ ನೋಡಬೇಕೆಂದು ಅನುಭವಿಗಳು ಹೇಳುವುದು ಇದೇ ಕಾರಣಕ್ಕೆ.

ಸರಳ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ತಂತ್ರಾಂಶದ ಕೆಲಸ ಇಲ್ಲಿಂದ ಮುಂದೆ ಆರಂಭವಾಗುತ್ತದೆ. ಬಿಲ್ಲೆಯನ್ನು ಆಕ್ಸಿಜನ್ನಿನಲ್ಲಿ ಕಾಯಿಸಿದರೆ ಆಕ್ಸೈಡ್ ಬೆಳೆಯುವಾಗ ಬೋರಾನಿನ ಒಂದಂಶ ಆಕ್ಸೈಡಿನೊಳಕ್ಕೆ ಸೇರಿಹೋಗುತ್ತದೆ ಮತ್ತು ಮೇಲ್ಮೈಯಲ್ಲಿ ಬೋರಾನ್ ಬಡವಾಗುತ್ತದೆ. ರಂಜಕದ ವರ್ತನೆ ಇದಕ್ಕೆ ತದ್ವಿರುದ್ಧ. ಅದು ಆಕ್ಸೈಡಿಗೆ ಸೇರದೆ ಸಿಲಿಕಾನಿನ ಮೇಲ್ಮೈಯಲ್ಲಿ ರಾಶಿಯಾಗುತ್ತದೆ. ಇಷ್ಟೇ ಅಲ್ಲದೆ ಆಕ್ಸೈಡ್ ಬೆಳೆಯುವಾಗ ಕೆಲವು ಸಿಲಿಕಾನ್ ಪರಮಾಣುಗಳು ಸ್ಥಾನ ಸಿಗದೆ ಹರಳಿನ ಸಂದುಗಳಿಗೆ ತಳ್ಳಲ್ಪಡುತ್ತವೆ. ಬೋರಾನ್ ಮತ್ತು ರಂಜಕಗಳು ಚಲಿಸುವುದು ಮುಖ್ಯವಾಗಿ ಇಂತಹ ಹೆಚ್ಚುವರಿ ಪರಮಾಣುಗಳ ಸಹಾಯದಿಂದಾದ ಕಾರಣ ಅವುಗಳ ವಿಸರಣ ಚುರುಕಾಗುತ್ತದೆ. ಖಾಲಿ ಸ್ಥಾನಗಳನ್ನು ನೆಚ್ಚಿಕೊಂಡ ಆಂಟಿಮನಿಯ ವಿಸರಣ ಅದೇ ಸಮಯದಲ್ಲಿ ನಿಧಾನವಾಗುತ್ತದೆ.

ಇದೇ ಹೆಚ್ಚುವರಿ ಪರಮಾಣುಗಳು ಅಯಾನು ನಾಟಿಯ ಬಡಿತದಿಂದಲೂ ಹುಟ್ಟುತ್ತವೆ. ಸಂಧಿಗಳು ತೆಳುವಾಗುತ್ತಾ ಬಂದಂತೆ ಎಂಜಿನಿಯರುಗಳನ್ನು ಬಹುಕಾಲ ಕಾಡಿದ ಸಮಸ್ಯೆ ಇಲ್ಲಿದೆ. ಬೋರಾನ್ ಹರಡದಿರಲೆಂದು ಕಡಿಮೆ ಉಷ್ಣತೆಯಲ್ಲಿ, ಉದಾಹರಣೆಗೆ 800 ಡಿಗ್ರಿಯ ಆಸುಪಾಸಿನಲ್ಲಿ, ಕಾಯಿಸಿದರೆ ಅದು ಲೆಕ್ಕಕ್ಕಿಂತ ಬಹಳ ಹೆಚ್ಚು ಹರಡಿರುವುದು ಕಂಡುಬರುತ್ತಿತ್ತು. ಬಡಿತದಿಂದಾದ ದೋಷಗಳು ಕಡಿಮೆ ಉಷ್ಣತೆಯಲ್ಲಿ ಬೇಗ ಕರಗದೆ, ಹೆಚ್ಚುವರಿ ಪರಮಾಣುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಬೋರಾನನ್ನು ತಳ್ಳುತ್ತಲೇ ಇರುತ್ತವೆ. ಹೆಚ್ಚಿನ ಉಷ್ಣತೆಯಲ್ಲಿ ಕೆಲವೇ ಕ್ಷಣ ಕಾಯಿಸಿದರೆ ದೋಷಗಳು ಬೇಗ ಕರಗಿ ಬೋರಾನ್ ಹೆಚ್ಚು ದೂರ ಹೋಗಲು ಅವಕಾಶವಾಗುವುದಿಲ್ಲ. ತಣ್ಣಗಿನ ದಾರಿಗಿಂತ ಬಿಸಿಯಾದ ಆದರೆ ಚುಟುಕಾದ ದಾರಿಯೇ ಮೇಲೆಂಬ ಈ ಮಾತು ಸಹಜ ಬುದ್ಧಿಗೆ ಒಗ್ಗುವುದಿಲ್ಲ. ಕ್ಷಣಿಕ ಕಾಯಿಸುವಿಕೆ, ಅಂದರೆ ರ‍್ಯಾಪಿಡ್ ಥರ್ಮಲ್ ಅನೀಲಿಂಗ್, ಉದ್ಯಮದಲ್ಲಿ ನೆಲೆಯೂರಲು ಇದೂ ಒಂದು ಕಾರಣ. ಅನುಕರಣೆಯಲ್ಲಿ ಈ ದೋಷಗಳ ಮಾದರಿಯನ್ನು ಆಯ್ಕೆ ಮಾಡಿಕೊಳ್ಳದೆ ಸರಳ ವಿಸರಣದ ಮಾದರಿಯನ್ನಷ್ಟೇ ಬಿಟ್ಟರೆ ತಂತ್ರಾಂಶವು ಯಾವ ಎಚ್ಚರಿಕೆಯನ್ನೂ ಕೊಡದೆ ಅಂದವಾದ, ಆದರೆ ತಪ್ಪಾದ ನಕ್ಷೆಯನ್ನು ಕೊಡುತ್ತದೆ.

ಲಿಥೋಗ್ರಫಿ ಮತ್ತು ಕೊರೆಯುವ ಹಂತಗಳು

ಬೆಳಕಿನ ಮೂಲಕ ನಕ್ಷೆ ಮೂಡಿಸುವ ಲಿಥೋಗ್ರಫಿಗೂ ಅನುಕರಣೆ ಇದೆ. ಐಬಿಎಂ ಸಂಸ್ಥೆಯಲ್ಲಿ ಫ್ರೆಡರಿಕ್ ಡಿಲ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಮಾದರಿ ಇದಕ್ಕೆ ತಳಹದಿ. 193 ನ್ಯಾನೋಮೀಟರ್ ಅಥವಾ 13.5 ನ್ಯಾನೋಮೀಟರ್ ತರಂಗಾಂತರದ ಬೆಳಕಿನಿಂದ ಕೆಲಸ ಮಾಡುವ ದೊಡ್ಡ ಕಾರ್ಖಾನೆಗಳಲ್ಲಿ ಈ ಲೆಕ್ಕವಿಲ್ಲದೆ ಮಾಸ್ಕ್ ತಯಾರಿಸುವುದೇ ಅಸಾಧ್ಯ. ಕೆಲವು ಮೈಕ್ರೋಮೀಟರ್ ಅಗಲದ ಗೆರೆಗಳನ್ನಷ್ಟೇ ಬಳಸುವ ಸಂಶೋಧನಾ ಅರ್ಜಿದಾರರಿಗೆ ಇದು ಸಾಮಾನ್ಯವಾಗಿ ಅಗತ್ಯವಿಲ್ಲ. ಪ್ಲಾಸ್ಮಾದಿಂದ ಕೊರೆಯುವ ಹಂತದ ಅನುಕರಣೆಯು ಗೋಡೆಯ ಆಕಾರವನ್ನು ತೋರಿಸಬಲ್ಲದಾದರೂ ಆಯಾ ಯಂತ್ರದ ಅಳತೆಗಳಿಲ್ಲದೆ ಅದರ ಅಂಕಿಗಳಿಗೆ ಹೆಚ್ಚಿನ ಬೆಲೆ ಇರುವುದಿಲ್ಲ. ಇಲ್ಲಿ ಪ್ರಯೋಗಾಲಯದ ತಂತ್ರಜ್ಞರನ್ನು ಕೇಳಿ ಕೊರೆತದ ವೇಗವನ್ನು ತಿಳಿದುಕೊಳ್ಳುವುದೇ ಮೇಲು.

ಲೆಕ್ಕ ತಪ್ಪುವ ಸ್ಥಳಗಳು

ತಂತ್ರಾಂಶವು ಬಿಲ್ಲೆಯನ್ನು ಸಣ್ಣ ಸಣ್ಣ ಕೋಶಗಳ ಬಲೆಯಾಗಿ ವಿಂಗಡಿಸಿ ಪ್ರತಿ ಗಂಟಿನಲ್ಲಿಯೂ ಸಮೀಕರಣಗಳನ್ನು ಬಿಡಿಸುತ್ತದೆ. ಬಲೆಯ ಕಣ್ಣು ದೊಡ್ಡದಾದರೆ ಲೆಕ್ಕ ಬೇಗ ಮುಗಿಯುತ್ತದೆ, ಆದರೆ ಉತ್ತರ ಒರಟಾಗಿರುತ್ತದೆ. 0.05 ಮೈಕ್ರೋಮೀಟರ್ ಆಳದ ಸಂಧಿಯನ್ನು 0.02 ಮೈಕ್ರೋಮೀಟರ್ ಕಣ್ಣಿನ ಬಲೆಯಲ್ಲಿ ಹುಡುಕಿದರೆ ಸಿಗುವುದು ಸಂಧಿಯ ಸ್ಥಾನವಲ್ಲ, ಬಲೆಯ ಗಂಟಿನ ಸ್ಥಾನ. ಕಣ್ಣನ್ನು ಅರ್ಧಕ್ಕಿಳಿಸಿ ಮತ್ತೊಮ್ಮೆ ನಡೆಸಿದಾಗಲೂ ಉತ್ತರ ಬದಲಾಗದಿದ್ದರೆ ಮಾತ್ರ ಅದನ್ನು ಅರ್ಜಿಯಲ್ಲಿ ನಮೂದಿಸಬಹುದು.

ಇನ್ನೊಂದು ತಪ್ಪು ಗುಣಾಂಕಗಳದ್ದು. ಮೇಲೆ ಕೊಟ್ಟ ಆಕ್ಸೈಡ್ ಲೆಕ್ಕದ ಗುಣಾಂಕಗಳು 111 ಎಂದು ಗುರುತಿಸುವ ದಿಕ್ಕಿನಲ್ಲಿ ಕತ್ತರಿಸಿದ ಬಿಲ್ಲೆಗೆ ಸಂಬಂಧಿಸಿದವು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ 100 ದಿಕ್ಕಿನ ಬಿಲ್ಲೆಯಲ್ಲಿ ಆಕ್ಸೈಡ್ ಆರಂಭದಲ್ಲಿ ಸ್ವಲ್ಪ ನಿಧಾನವಾಗಿ ಬೆಳೆಯುತ್ತದೆ. ಒಣ ಆಕ್ಸಿಜನ್ನಿನಲ್ಲಿ ಬೆಳೆದ ಬಹಳ ತೆಳುವಾದ ಪದರಗಳಿಗೆ ಆ ಸಮೀಕರಣವೇ ಸರಿಹೊಂದುವುದಿಲ್ಲ. ಅದಕ್ಕೆ ನಂತರದ ವರ್ಷಗಳಲ್ಲಿ ತಿದ್ದುಪಡಿ ಮಾಡಿದ ಮಾದರಿಗಳು ಬಂದಿವೆ. ತಂತ್ರಾಂಶದೊಂದಿಗೆ ಬರುವ ಗುಣಾಂಕಗಳು ಬೇರೆಲ್ಲೋ ಬೇರೆ ಕುಲುಮೆಯಲ್ಲಿ ಅಳೆದವು. ಆದ ಕಾರಣ ಅರ್ಜಿ ಹಾಕುವ ಕೇಂದ್ರದಲ್ಲಿ ಈ ಹಿಂದೆ ನಡೆದ ಒಂದಾದರೂ ಹಂತದ ಅಳತೆಯೊಂದಿಗೆ ಹೋಲಿಸಿ, ಅಗತ್ಯಬಿದ್ದಲ್ಲಿ ಗುಣಾಂಕಗಳನ್ನು ಹೊಂದಿಸಿಕೊಳ್ಳಬೇಕು. ಆಕ್ಸೈಡಿನ ದಪ್ಪವನ್ನು ಎಲಿಪ್ಸೋಮೀಟರಿನಿಂದಲೂ, ಪದರದ ರೋಧವನ್ನು ನಾಲ್ಕು ಮೊನೆಯ ಅಳತೆಯಿಂದಲೂ, ಆಳಕ್ಕೆ ತಕ್ಕಂತೆ ಬೋರಾನಿನ ಪ್ರಮಾಣವನ್ನು ಸಿಮ್ಸ್ ಎಂಬ ವಿಶ್ಲೇಷಣೆಯಿಂದಲೂ ಪಡೆಯಬಹುದು. ಕೊನೆಯದು ಹೆಚ್ಚು ಖರ್ಚಿನದು ಮತ್ತು ಎಲ್ಲ ಕಡೆಯೂ ದೊರೆಯುವಂತಹುದಲ್ಲ. ಮೊದಲೆರಡನ್ನು ಬಿಡಲು ನೆಪವಿಲ್ಲ.

ತಂತ್ರಾಂಶ ಮತ್ತು ಸೌಲಭ್ಯ ದೊರೆಯುವ ಬಗೆ

ವಾಣಿಜ್ಯ ಟೀಕ್ಯಾಡ್ ತಂತ್ರಾಂಶಗಳ ಪರವಾನಗಿ ದುಬಾರಿಯಾದುದರಿಂದ ವ್ಯಕ್ತಿಗತವಾಗಿ ಕೊಳ್ಳುವುದು ಕಾರ್ಯಸಾಧ್ಯವಲ್ಲ. ಎಂಜಿನಿಯರಿಂಗ್ ಕಾಲೇಜುಗಳು ಶೈಕ್ಷಣಿಕ ಪರವಾನಗಿ ಪಡೆದಿದ್ದರೆ ವಿದ್ಯಾರ್ಥಿಗಳು ವಿಭಾಗದ ಮುಖ್ಯಸ್ಥರ ಮೂಲಕ ಬಳಸಬಹುದು. ಶೈಕ್ಷಣಿಕ ಪರವಾನಗಿಯ ಫಲಿತಾಂಶವನ್ನು ವಾಣಿಜ್ಯ ಉತ್ಪನ್ನಕ್ಕೆ ಬಳಸಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ನವೋದ್ಯಮ ಆರಂಭಿಸಿದ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳು ಈ ಷರತ್ತನ್ನು ಓದಿ ನೋಡುವುದು ಅವಶ್ಯ.

ಕೇಂದ್ರ ಸರ್ಕಾರದ ಚಿಪ್ಸ್ ಟು ಸ್ಟಾರ್ಟಪ್ ಕಾರ್ಯಕ್ರಮದಡಿ ಬೆಂಗಳೂರಿನ ಸಿ-ಡ್ಯಾಕ್ ಸಂಸ್ಥೆಯಲ್ಲಿ ಸ್ಥಾಪಿಸಿರುವ ಚಿಪ್‌ಇನ್ ಕೇಂದ್ರವು ಆಯ್ಕೆಯಾದ ಶಿಕ್ಷಣ ಸಂಸ್ಥೆಗಳಿಗೆ ಮತ್ತು ನವೋದ್ಯಮಗಳಿಗೆ ವಿನ್ಯಾಸ ತಂತ್ರಾಂಶಗಳನ್ನು ಜಾಲದ ಮೂಲಕ ಒದಗಿಸುತ್ತದೆ. ತಯಾರಿಕಾ ಸೌಲಭ್ಯಕ್ಕೆ ಸಂಬಂಧಿಸಿದಂತೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ 2008ರಲ್ಲಿ ಭಾರತೀಯ ನ್ಯಾನೋ ಎಲೆಕ್ಟ್ರಾನಿಕ್ಸ್ ಬಳಕೆದಾರರ ಕಾರ್ಯಕ್ರಮ ಆರಂಭವಾಯಿತು. ಸ್ವಂತ ಶುಚಿಕೋಣೆ ಇಲ್ಲದ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅಲ್ಲಿ ತರಬೇತಿ ಪಡೆದು, ಯೋಜನಾ ಪ್ರಸ್ತಾವನೆ ಸಲ್ಲಿಸಿ ಸಾಧನಗಳನ್ನು ತಯಾರಿಸಲು ಈ ಕಾರ್ಯಕ್ರಮ ದಾರಿ ಮಾಡಿಕೊಟ್ಟಿತು. ಮುಂದಿನ ಹಂತದಲ್ಲಿ ಇತರ ತಂತ್ರಜ್ಞಾನ ಸಂಸ್ಥೆಗಳೂ ಸೇರಿದವು. ಅರ್ಜಿ ಸ್ವೀಕರಿಸುವ ಅವಧಿ, ಅರ್ಹತೆ ಹಾಗೂ ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ ಆಯಾ ಕೇಂದ್ರದ ಪ್ರಕಟಣೆಯನ್ನು ನೋಡಿಕೊಂಡೇ ಮುಂದುವರಿಯತಕ್ಕದ್ದು.

ಹಣ ವ್ಯಯಿಸದೆ ಅಭ್ಯಾಸ ಮಾಡಬಯಸುವವರಿಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 2002ರಲ್ಲಿ ರೂಪುಗೊಂಡ ನ್ಯಾನೋಹಬ್ ಉಪಯುಕ್ತ. ಆಸ್ಟ್ರಿಯಾದ ವಿಯೆನ್ನಾ ತಾಂತ್ರಿಕ ವಿಶ್ವವಿದ್ಯಾಲಯವು ಪ್ರಕ್ರಿಯಾ ಅನುಕರಣೆಯ ಮುಕ್ತ ತಂತ್ರಾಂಶಗಳನ್ನು ಪ್ರಕಟಿಸಿದೆ. ಸ್ಟ್ಯಾನ್‌ಫರ್ಡಿನ ಸುಪ್ರೆಮ್ ನಾಲ್ಕನೆಯ ಆವೃತ್ತಿಯ ಮೂಲ ಸಂಕೇತವೂ ಹಂಚಿಕೆಯಾಗಿದ್ದು, ಹಳೆಯದಾದರೂ ಕಲಿಯಲು ಅದು ಚೆನ್ನಾಗಿಯೇ ಇದೆ.

ಅರ್ಜಿಯೊಂದಿಗೆ ಲಗತ್ತಿಸಬೇಕಾದ ವಿವರ

ಪ್ರಸ್ತಾವನೆಯಲ್ಲಿ ಅನುಕರಣೆಯ ವರ್ಣಚಿತ್ರಗಳನ್ನಷ್ಟೇ ಸೇರಿಸುವುದು ಸಾಲದು. ಬಣ್ಣದ ಚಿತ್ರ ಎಲ್ಲ ತಂತ್ರಾಂಶಗಳಿಂದಲೂ ಬರುತ್ತದೆ. ಪರಿಶೀಲಿಸುವವರು ನೋಡುವುದು ಅದರ ಹಿಂದಿನ ಊಹೆಗಳನ್ನು. ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಆಯ್ಕೆ ಮಾಡಿದ ಮಾದರಿಗಳು, ಬಿಲ್ಲೆಯ ದಿಕ್ಕು ಮತ್ತು ರೋಧತೆ, ಬಲೆಯ ಕಣ್ಣಿನ ಅಳತೆ ಇವಿಷ್ಟನ್ನು ಒಂದು ಪುಟದಲ್ಲಿ ನಮೂದಿಸಿದರೆ ಪರಿಶೀಲನೆ ಸುಲಭವಾಗುತ್ತದೆ. ಪ್ರತಿ ಹಂತಕ್ಕೂ ನಿರೀಕ್ಷಿತ ದಪ್ಪ ಅಥವಾ ಆಳದೊಂದಿಗೆ, ಎಷ್ಟು ವ್ಯತ್ಯಾಸವನ್ನು ಸಾಧನವು ತಾಳಿಕೊಳ್ಳಬಲ್ಲದು ಎಂಬುದನ್ನೂ ಬರೆಯಬೇಕು. ತಾಳಿಕೆಯ ಮಿತಿಯು ಕುಲುಮೆಯ ಸ್ವಾಭಾವಿಕ ಏರಿಳಿತಕ್ಕಿಂತ ಕಡಿಮೆ ಇದ್ದಲ್ಲಿ ಆ ವಿನ್ಯಾಸ ಗಣಕದಲ್ಲಿ ಎಷ್ಟೇ ಸೊಗಸಾಗಿ ಕಂಡರೂ ಬಿಲ್ಲೆಯ ಮೇಲೆ ಸಿದ್ಧಿಸುವುದು ದುಸ್ತರ. ಅದನ್ನು ಅರ್ಜಿಯ ಹಂತದಲ್ಲಿಯೇ ಬದಲಾಯಿಸಿಕೊಳ್ಳುವುದು ಒಳಿತು.

ಬಳಸಲಿರುವ ಲೋಹಗಳನ್ನೂ ತಪ್ಪದೆ ತಿಳಿಸತಕ್ಕದ್ದು. ಅನುಕರಣೆಯಲ್ಲಿ ಚಿನ್ನದ ಪದರ ಕೇವಲ ಒಂದು ಬಣ್ಣ. ಆದರೆ ಚಿನ್ನ ಸೋಂಕಿದ ಬಿಲ್ಲೆ ಆಕ್ಸೈಡ್ ಕುಲುಮೆಯೊಳಕ್ಕೆ ಹೋದರೆ ಆ ಕುಲುಮೆಯಲ್ಲಿ ಮುಂದೆ ತಯಾರಾಗುವ ಇತರರ ಸಾಧನಗಳೂ ಕೆಡುತ್ತವೆ. ಯಾವ ತಂತ್ರಾಂಶವೂ ಈ ಎಚ್ಚರಿಕೆಯನ್ನು ಕೊಡುವುದಿಲ್ಲ.

ಅನುಕರಣೆಗೆ ಬಳಸಿದ ಮೂಲ ಕಡತವನ್ನು ತಯಾರಿಕೆ ಮುಗಿದು ಅಳತೆಗಳು ಕೈಸೇರುವವರೆಗೂ ಕಾಪಾಡಿಕೊಳ್ಳತಕ್ಕದ್ದು. ಅಳತೆಗೂ ಲೆಕ್ಕಕ್ಕೂ ತಾಳೆಯಾಗದಿದ್ದಲ್ಲಿ ಯಾವ ಹಂತದಲ್ಲಿ ವ್ಯತ್ಯಾಸ ಬಂದಿತೆಂದು ಹುಡುಕಲು ಆ ಕಡತ ಮತ್ತು ಕುಲುಮೆಯ ದಿನಚರಿ ಪುಸ್ತಕ, ಇವೆರಡನ್ನೂ ಎದುರುಬದುರು ಇಟ್ಟು ನೋಡಬೇಕಾಗುತ್ತದೆ.